ಗೆರೆಯ ಆಚೆ ನಿಂತವರು

ಭಾನುವಾರದ ಬೆಳಗು. ಬೆಂಗಳೂರಿನ ದಕ್ಷಿಣ ಭಾಗದ ಮೈದಾನವೊಂದರಲ್ಲಿ ಹುಲ್ಲಿನ ಮೇಲಣ ಇಬ್ಬನಿ ಇನ್ನೂ ಆರಿರುವುದಿಲ್ಲ. ಆರೂವರೆಯ ಹೊತ್ತಿಗೇ ಸ್ಕೂಟರುಗಳೂ ಕಾರುಗಳೂ ಬಂದು ಕಾಂಪೌಂಡಿನ ಗೋಡೆಯುದ್ದಕ್ಕೂ ಸಾಲಾಗಿ ನಿಲ್ಲುತ್ತವೆ. ಅವುಗಳಿಂದ ಮೊದಲು ಇಳಿಯುವುದು ಆಟದ ಸಾಮಾನಿನ ಚೀಲ; ಅದರ ಹಿಂದೆ, ಅದಕ್ಕಿಂತ ಒಂದು ಗೇಣು ಮಾತ್ರ ಎತ್ತರವಾದ ಹುಡುಗ; ಕಡೆಗೆ, ಕೈಯಲ್ಲಿ ನೀರಿನ ಬಾಟಲಿಯನ್ನೂ ತಿಂಡಿಯ ಡಬ್ಬಿಯನ್ನೂ ಹಿಡಿದ ತಂದೆ ಅಥವಾ ತಾಯಿ. ಮಕ್ಕಳು ಸುಣ್ಣದ ಗೆರೆಯನ್ನು ದಾಟಿ ಒಳಕ್ಕೆ ಹೋಗುತ್ತಾರೆ. ಹಿರಿಯರು ಗೆರೆಯ ಆಚೆಯೇ ಉಳಿಯಬೇಕು. ಮೈದಾನದ ನಿಯಮ ಇಷ್ಟೆ. ಆದರೆ ಕಾಲು ಗೆರೆಯ ಆಚೆ ನಿಂತ ಮಾತ್ರಕ್ಕೆ ಮನಸ್ಸೂ ಅಲ್ಲಿಯೇ ನಿಂತೀತೆಂದು ಹೇಳಬರುವುದಿಲ್ಲ.

ಗೆರೆಯ ಆಚೆ ನಿಂತವರನ್ನು ಸ್ವಲ್ಪ ಹೊತ್ತು ಗಮನಿಸಿದರೆ ಒಳಗಿನ ಆಟಕ್ಕಿಂತ ಹೊರಗಿನ ಆಟವೇ ಹೆಚ್ಚು ಸ್ವಾರಸ್ಯವಾಗಿ ಕಾಣುವುದುಂಟು. ಒಬ್ಬ ತಂದೆ ತಮಗರಿವಿಲ್ಲದೆಯೇ ಮಗನ ಒಂದೊಂದು ಎಸೆತಕ್ಕೂ ತಮ್ಮ ತೋಳನ್ನು ತಿರುಗಿಸುತ್ತಾರೆ. ಇನ್ನೊಬ್ಬರು ಸಣ್ಣ ನೋಟುಪುಸ್ತಕದಲ್ಲಿ ರನ್ನುಗಳ ಲೆಕ್ಕವನ್ನು ಬರೆದುಕೊಂಡು, ಅಂಪೈರರ ಲೆಕ್ಕದೊಡನೆ ತಾಳೆ ನೋಡಿ, ವ್ಯತ್ಯಾಸ ಬಂದರೆ ಇಡೀ ಮೈದಾನಕ್ಕೆ ಕೇಳಿಸುವಂತೆ ಆಕ್ಷೇಪಿಸುತ್ತಾರೆ. ಮಗ ಬ್ಯಾಟು ಹಿಡಿದು ನಿಂತ ಕೂಡಲೆ ಒಬ್ಬ ತಾಯಿ ಮುಖವನ್ನು ಅತ್ತ ತಿರುಗಿಸಿ, ಫ್ಲಾಸ್ಕಿನ ಮುಚ್ಚಳವನ್ನು ತೆರೆಯುತ್ತಲೂ ಮುಚ್ಚುತ್ತಲೂ ಇರುತ್ತಾರೆ. ತಮ್ಮ ಮಗ ಔಟಾದರೆ ಅದು ಪಿಚ್ಚಿನ ದೋಷ. ಪಕ್ಕದವರ ಮಗ ಔಟಾದರೆ ಆಟದ ದೋಷ. ಇದು ಅಲ್ಲಿ ಎಲ್ಲರೂ ಒಪ್ಪಿಕೊಂಡಿರುವ ನ್ಯಾಯ.

ಈ ಗುಂಪಿನಲ್ಲಿ ರಾಯರೂ ಒಬ್ಬರು. ಅವರ ಪೂರ್ಣ ಹೆಸರು ಇಲ್ಲಿ ಬೇಕಾಗಿಲ್ಲ. ಒಂದೊಂದು ಬಡಾವಣೆಯಲ್ಲಿಯೂ ಇಂತಹ ರಾಯರೊಬ್ಬರು ಇದ್ದೇ ಇರುತ್ತಾರೆ. ವಿಮಾ ಕಚೇರಿಯೊಂದರಲ್ಲಿ ಕೆಲಸ. ನಲವತ್ತೇಳರ ವಯಸ್ಸು. ಮನೆಯಲ್ಲಿ ವೃದ್ಧೆಯಾದ ತಾಯಿ, ಹೆಂಡತಿ, ಹದಿನಾರು ವರ್ಷದ ಮಗಳು, ಅವಳಿಗಿಂತ ಚಿಕ್ಕವನಾದ ಮಗ. ಕಾಲೇಜಿನಲ್ಲಿದ್ದಾಗ ರಾಯರೂ ಕ್ರಿಕೆಟ್ ಆಡಿದವರೇ. ಆಡಿದರು ಎನ್ನುವುದಕ್ಕಿಂತ, ಎರಡನೆಯ ತಂಡದ ಹನ್ನೆರಡನೆಯ ಆಟಗಾರರಾಗಿ ಇತರರಿಗೆ ನೀರು ಹೊತ್ತರು ಎಂದರೆ ಸತ್ಯಕ್ಕೆ ಹೆಚ್ಚು ಸಮೀಪವಾಗುತ್ತದೆ. ೧೯೯೯ರ ಫೆಬ್ರವರಿ ೭ರಂದು ದೆಹಲಿಯ ಕೋಟ್ಲಾ ಮೈದಾನದಲ್ಲಿ ಅನಿಲ್ ಕುಂಬ್ಳೆಯವರು ಪಾಕಿಸ್ತಾನದ ಎರಡನೆಯ ಇನ್ನಿಂಗ್ಸಿನ ಹತ್ತು ವಿಕೆಟುಗಳನ್ನೂ ೭೪ ರನ್ನುಗಳಿಗೆ ತಾವೊಬ್ಬರೇ ಪಡೆದಾಗ, ರಾಯರು ವಿದ್ಯಾರ್ಥಿನಿಲಯದ ಟೆಲಿವಿಷನ್ನಿನ ಮುಂದೆ ಗೆಳೆಯರ ಹೆಗಲ ಮೇಲಿಂದ ಇಣಿಕಿ ನೋಡುತ್ತಿದ್ದರು. ಆ ದಿನದ ಬೆರಗು ಅವರ ಎದೆಯ ಒಂದು ಮೂಲೆಯಲ್ಲಿ ಹಾಗೆಯೇ ಉಳಿದಿತ್ತು. ಮಗ ಏಳನೆಯ ವಯಸ್ಸಿನಲ್ಲಿ ಟೆನ್ನಿಸ್ ಚೆಂಡೊಂದನ್ನು ಮಣಿಕಟ್ಟು ತಿರುಗಿಸಿ ಎಸೆದು, ಅದು ಅಂಗಳದ ಕಲ್ಲಿಗೆ ತಗುಲಿ ಪಕ್ಕದ ತುಳಸೀಕಟ್ಟೆಯ ಕಡೆಗೆ ಹೊರಳಿದಾಗ, ಆ ಮೂಲೆಯಲ್ಲಿ ದೀಪ ಹೊತ್ತಿಕೊಂಡಿತು.

ಅಲ್ಲಿಂದ ಮುಂದೆ ನಡೆದುದು ಅನೇಕ ಮನೆಗಳಲ್ಲಿ ನಡೆಯುವಂಥದೇ. ಅಂಗಳದ ಆಟ ಶಾಲೆಗೆ ಹೋಯಿತು; ಶಾಲೆಯ ಆಟ ಶುಲ್ಕ ಕೊಟ್ಟು ಕಲಿಯುವ ಶಿಬಿರಕ್ಕೆ ಹೋಯಿತು. ಬ್ಯಾಟು, ಪ್ಯಾಡು, ಬೂಟು, ಶಿರಸ್ತ್ರಾಣ ಇವೆಲ್ಲ ಒಂದೊಂದಾಗಿ ಮನೆಗೆ ಬಂದವು, ಹುಡುಗ ಬೆಳೆದಂತೆಲ್ಲ ಒಂದೊಂದಾಗಿ ಚಿಕ್ಕವಾದುವು, ಮತ್ತೆ ಬಂದವು. ವಾರದಲ್ಲಿ ಎರಡು ದಿನವಿದ್ದ ಅಭ್ಯಾಸ ನಾಲ್ಕು ದಿನವಾಗಿ, ಆಮೇಲೆ ಆರು ದಿನವಾಯಿತು. ಮನೆಯ ಗಡಿಯಾರವೇ ಮೈದಾನದ ಕಡೆಗೆ ಮುಖ ಮಾಡಿ ನಿಂತಿತು. ಅಜ್ಜಿ ಐದು ಗಂಟೆಗೆದ್ದು ಉಪ್ಪಿಟ್ಟಿಗೆ ಒಗ್ಗರಣೆ ಹಾಕುವುದನ್ನು ರೂಢಿಸಿಕೊಂಡರು. ಚೆಂಡನ್ನು ತಿರುಗಿಸಿ ತಿರುಗಿಸಿ ಹುಡುಗನ ಉಂಗುರದ ಬೆರಳಿನ ಚರ್ಮ ಸುಲಿದು ಬಂದಾಗ ಅರಿಸಿನವನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಹಚ್ಚುವುದೂ ಅವರ ಕೆಲಸವೇ ಆಯಿತು. ತಾಯಿಗೆ ಓದಿನ ಚಿಂತೆ. "ಕುಂಬ್ಳೆಯವರೂ ಮೆಕ್ಯಾನಿಕಲ್ ಇಂಜಿನಿಯರಿಂಗ್ ಪದವಿ ಪಡೆದವರು, ಅದನ್ನು ಮಾತ್ರ ನೀವು ಮಗನಿಗೆ ಹೇಳುವುದಿಲ್ಲ," ಎಂದು ಆಕೆ ಆಗಾಗ ನೆನಪು ಮಾಡುತ್ತಿದ್ದರು. ರಾಯರು ಅದನ್ನು ನಿಜವೆಂದು ಒಪ್ಪಿ, ಮತ್ತೆ ಸ್ಕೂಟರಿನ ಕೀಲಿಯನ್ನು ಹುಡುಕುತ್ತಿದ್ದರು.

ಈ ಏರ್ಪಾಟಿನಲ್ಲಿ ಯಾರ ಗಮನಕ್ಕೂ ಬಾರದೆ ಒಂದು ಸಂಗತಿ ನಡೆದುಹೋಗಿತ್ತು. ಮಗಳು ಭಾನುವಾರ ಬೆಳಗ್ಗೆ ವೀಣೆಯ ಪಾಠಕ್ಕೆ ಹೋಗುತ್ತಿದ್ದಳು. ಸ್ಕೂಟರು ಮೈದಾನಕ್ಕೆ ಹೋಗತೊಡಗಿದ ಮೇಲೆ ಪಾಠವನ್ನು ಶುಕ್ರವಾರ ಸಂಜೆಗೆ ಬದಲಾಯಿಸಿದರು; ಶುಕ್ರವಾರ ಶಾಲೆಯ ವಿಶೇಷ ತರಗತಿಗಳು ಬಂದವು; ಪಾಠ ನಿಂತಿತು. ಯಾರೂ ಅದನ್ನು ನಿಲ್ಲಿಸಲಿಲ್ಲ, ಅದಾಗಿಯೇ ನಿಂತಿತು. ವೀಣೆ ಮಾತ್ರ ಗವಸು ಹೊದ್ದು ಕೋಣೆಯ ಮೂಲೆಯಲ್ಲಿ ಮಲಗಿತ್ತು.

ಸಂಜೆಯ ಅಭ್ಯಾಸಕ್ಕಿಂತ ಹುಡುಗನಿಗೆ ಕಷ್ಟವಾಗಿದ್ದುದು ಅಭ್ಯಾಸದ ನಂತರ ಮನೆಗೆ ಹಿಂದಿರುಗುವ ಇಪ್ಪತ್ತು ನಿಮಿಷಗಳ ದಾರಿ. ಹಿಂದೆ ಕುಳಿತ ಮಗನಿಗೆ ತಂದೆಯ ಬೆನ್ನು ಮಾತ್ರ ಕಾಣುತ್ತಿತ್ತು. ಆ ಬೆನ್ನಿನಿಂದ ಪ್ರಶ್ನೆಗಳು ಬರುತ್ತಿದ್ದುವು. "ಮೂರನೆಯ ಎಸೆತ ಏಕೆ ಅಷ್ಟು ಗಿಡ್ಡಾಗಿ ಬಿತ್ತು?" "ಕ್ಯಾಚನ್ನು ಬಿಟ್ಟಾಗ ಎತ್ತ ನೋಡುತ್ತಿದ್ದೆ?" "ಆ ಎಡಗೈ ಹುಡುಗನಿಗೆ ಗೂಗ್ಲಿ ಹಾಕು ಎಂದು ಹೇಳಿರಲಿಲ್ಲವೇ?" ಚೆನ್ನಾಗಿ ಆಡಿದ ದಿನವೂ ಪ್ರಶ್ನೆಗಳಿಗೆ ಬಿಡುವಿರಲಿಲ್ಲ, ಅಂದು ಅವು ಇನ್ನೂ ಚೆನ್ನಾಗಿ ಆಡಬಹುದಾಗಿದ್ದುದರ ವಿಚಾರವಾಗಿ ಇರುತ್ತಿದ್ದುವು. ರಾಯರು ಕೋಪಿಷ್ಠರಲ್ಲ, ಮಗನ ಮೇಲೆ ಕೈ ಎತ್ತಿದವರಲ್ಲ. ತಮ್ಮ ಆಸಕ್ತಿಯನ್ನು ಮಗನೊಡನೆ ಹಂಚಿಕೊಳ್ಳುತ್ತಿರುವೆನೆಂದೇ ಅವರು ಪ್ರಾಮಾಣಿಕವಾಗಿ ತಿಳಿದಿದ್ದರು. ಹುಡುಗ "ಹೂಂ" ಎನ್ನುತ್ತಿದ್ದ. ಎರಡು ವರ್ಷಗಳ ಹಿಂದೆ ಇದೇ ಹುಡುಗ ಇದೇ ದಾರಿಯಲ್ಲಿ ಉಸಿರು ಬಿಡದೆ ಮಾತನಾಡುತ್ತಿದ್ದನೆಂಬುದು ಅವರಿಗೆ ಮರೆತುಹೋಗಿತ್ತು.

ಒಂದು ದಿನ ತರಬೇತುದಾರರು ರಾಯರನ್ನು ಪಕ್ಕಕ್ಕೆ ಕರೆದರು. ಅವರು ಮಿತಭಾಷಿಗಳು. "ಸ್ವಾಮಿ, ನಿಮ್ಮ ಹುಡುಗನ ಕೈಯಲ್ಲಿ ಚೆಂಡು ತಿರುಗುತ್ತದೆ, ಅದು ದೇವರು ಕೊಟ್ಟದ್ದು. ಆದರೆ ಒಂದೊಂದು ಎಸೆತ ಹಾಕಿದ ಮೇಲೂ ಅವನು ಬ್ಯಾಟ್ಸ್‌ಮನ್ನಿನ ಕಾಲನ್ನು ನೋಡಬೇಕು. ಅವನು ನೋಡುವುದು ನಿಮ್ಮ ಮುಖವನ್ನು," ಎಂದರು. ರಾಯರು ಇದನ್ನು ಮಗನ ಪಿತೃಭಕ್ತಿಯ ಲಕ್ಷಣವೆಂದು ಭಾವಿಸಿ ನಕ್ಕುಬಿಟ್ಟರು. ವಾರಕ್ಕೆ ಒಂದೆರಡು ದಿನವಾದರೂ ಹುಡುಗನನ್ನು ಆಟದಿಂದ ಬಿಡಿಸಿ ಎಂದೂ ತರಬೇತುದಾರರು ಹೇಳಿದರು. ಇದು ಅವರೊಬ್ಬರ ಅಭಿಪ್ರಾಯವಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ೨೦೧೬ರಲ್ಲಿ ಹೊರತಂದ ವರದಿಯೂ ವಾರದಲ್ಲಿ ಒಂದೆರಡು ದಿನ, ವರ್ಷದಲ್ಲಿ ಒಟ್ಟು ಮೂರು ತಿಂಗಳು ಮಕ್ಕಳಿಗೆ ತಮ್ಮ ಆಟದಿಂದ ಬಿಡುವು ಬೇಕೆಂದೂ, ಹದಿನೈದು ಹದಿನಾರು ವರ್ಷದವರೆಗೆ ಒಂದೇ ಆಟಕ್ಕೆ ಕಟ್ಟುಬೀಳದಿರುವುದು ಮೇಲೆಂದೂ ಹೇಳಿದೆ. ಬೆಳೆಯುವ ಎಲುಬು ಒಂದೇ ಬಗೆಯ ಶ್ರಮವನ್ನು ಎಡೆಬಿಡದೆ ತಾಳಲಾರದು. ಬೆಳೆಯುವ ಮನಸ್ಸೂ ಅಷ್ಟೆ. ರಾಯರು ಇದನ್ನು ಕೇಳಿ ತಲೆಯಾಡಿಸಿದರು. ಆದರೆ ೧೪ ವರ್ಷದೊಳಗಿನವರ ತಂಡದ ಆಯ್ಕೆ ಹತ್ತಿರ ಬಂದಿತ್ತು. ಬಿಡುವಿನ ಮಾತು ಆಯ್ಕೆಯ ನಂತರ ಎಂದುಕೊಂಡರು.

೨೦೨೫ರ ಜೂನ್ ತಿಂಗಳಿನಲ್ಲಿ ಆಯ್ಕೆಯ ಸೂಚನಾಪತ್ರ ಬಂದಿತು. ಅದರಲ್ಲಿ ಒಂದು ಸಾಲು: ೨೦೧೧ರ ಸೆಪ್ಟೆಂಬರ್ ೧ರಂದು ಅಥವಾ ಆಮೇಲೆ ಹುಟ್ಟಿದವರು ಮಾತ್ರ. ಭಾರತದ ಕ್ರಿಕೆಟ್ಟಿನಲ್ಲಿ ವಯೋಮಿತಿಯ ಲೆಕ್ಕ ಸೆಪ್ಟೆಂಬರ್ ೧ರಿಂದ ನಡೆಯುವುದೆಂಬುದು ರಾಯರ ಮನಸ್ಸಿಗೆ ಅದುವರೆಗೂ ಸರಿಯಾಗಿ ಹತ್ತಿರಲಿಲ್ಲ. ಹುಡುಗ ಹುಟ್ಟಿದ್ದು ೨೦೧೧ರ ಆಗಸ್ಟ್ ೨೩. ಒಂಬತ್ತು ದಿನ. ಒಂಬತ್ತೇ ದಿನಗಳಿಂದ ಅವನು ಆ ತಂಡಕ್ಕೆ ದೊಡ್ಡವನಾಗಿಬಿಟ್ಟಿದ್ದ. ಇನ್ನು ಅವನು ಹೋಗಬೇಕಾದುದು ೧೬ ವರ್ಷದೊಳಗಿನವರ ನಡುವೆ. ಅಲ್ಲಿಯ ಹುಡುಗರಿಗೆ ಮೀಸೆ ಮೂಡಿರುತ್ತದೆ. ಅವರು ಬೀಸಿ ಹೊಡೆದರೆ ಚೆಂಡು ಮರದಾಚೆಗೆ ಹೋಗಿ ಬೀಳುತ್ತದೆ. ಈ ಪುಟ್ಟ ದೇಹಕ್ಕೆ ಅಲ್ಲಿ ಎಡೆ ಸಿಕ್ಕುವುದು ಇನ್ನೆರಡು ವರ್ಷಗಳಾದ ಮೇಲೆಯೇ.

ಮೈದಾನದಲ್ಲಿ ಇಂತಹ ಸುದ್ದಿ ಬೇಗ ಹರಡುತ್ತದೆ. ಹಿತೈಷಿಯೊಬ್ಬರು, ಅವರೂ ಒಬ್ಬ ಹುಡುಗನ ತಂದೆಯೇ, ರಾಯರ ಹೆಗಲ ಮೇಲೆ ಕೈಯಿಟ್ಟು ಹೇಳಿದರು: "ಇದಕ್ಕೆಲ್ಲ ಚಿಂತಿಸುವರೇ ರಾಯರೇ? ಹತ್ತು ದಿನ ಮುಂದೆ ಸರಿಸಿದರೆ ಆಕಾಶ ಕಳಚಿ ಬೀಳುವುದಿಲ್ಲ. ನನಗೆ ತಿಳಿದವರಿದ್ದಾರೆ; ಹೊಸ ಜನನಪತ್ರ ಮಾಡಿಸಿಕೊಡುತ್ತಾರೆ. ವರ್ಷಗಟ್ಟಲೆ ಇಳಿಸುವವರಿದ್ದಾರೆ, ನೀವು ದಿನ ಲೆಕ್ಕ ಹಾಕುತ್ತಿದ್ದೀರಿ!"

ಆ ಮಾತು ಪೂರ್ತಿ ಸುಳ್ಳೇನೂ ಆಗಿರಲಿಲ್ಲ. ವಯಸ್ಸನ್ನು ಮರೆಮಾಡುವ ಚಾಳಿ ನಮ್ಮ ಕಿರಿಯರ ಆಟಗಳಿಗೆ ಬಹುಕಾಲದಿಂದ ಅಂಟಿಕೊಂಡು ಬಂದ ರೋಗ. ಕಾಗದವನ್ನು ನಂಬಲಾಗದೆ ಭಾರತದ ಕ್ರಿಕೆಟ್ ಮಂಡಲಿಯು ೨೦೧೨ರಿಂದ ಎಲುಬನ್ನೇ ಕೇಳತೊಡಗಿತು. ೧೬ ವರ್ಷದೊಳಗಿನವರ ಪಂದ್ಯಗಳಿಗೆ ಬರುವ ಬಾಲಕರ ಎಡಗೈ ಮತ್ತು ಮಣಿಕಟ್ಟಿನ ಕ್ಷ-ಕಿರಣ ಚಿತ್ರವನ್ನು ತೆಗೆದು, ಬ್ರಿಟನ್ನಿನ ಟ್ಯಾನರ್ ಮತ್ತು ವೈಟ್‌ಹೌಸ್ ಎಂಬುವರು ರೂಪಿಸಿದ ಪದ್ಧತಿಯಂತೆ ಅದನ್ನು ಪರೀಕ್ಷಿಸುತ್ತಾರೆ. ಎಲುಬಿನ ತುದಿಗಳಲ್ಲಿ ಬೆಳವಣಿಗೆಗೆ ಕಾರಣವಾದ ಮೃದ್ವಸ್ಥಿ ಇರುತ್ತದೆ. ವಯಸ್ಸಾದಂತೆಲ್ಲ ಅದು ಗಟ್ಟಿಯಾಗಿ ಬೆಸೆದುಕೊಳ್ಳುತ್ತ ಹೋಗುತ್ತದೆ. ಎಷ್ಟು ಬೆಸೆದಿದೆಯೆಂಬುದನ್ನು ನೋಡಿ ಬಾಲಕನ ವಯಸ್ಸನ್ನು ಅಂದಾಜು ಮಾಡಬಹುದು. ಇಷ್ಟಾದರೂ ರೋಗ ನಿಲ್ಲದಿರಲು, ೨೦೨೦ರಲ್ಲಿ ಮಂಡಲಿಯು ಒಂದು ಅವಕಾಶ ಕೊಟ್ಟಿತು. ಸುಳ್ಳು ದಾಖಲೆ ಕೊಟ್ಟವರು ತಾವಾಗಿಯೇ ಒಪ್ಪಿಕೊಂಡು ನಿಜವಾದ ಜನ್ಮದಿನವನ್ನು ತಿಳಿಸಿದರೆ ಕ್ಷಮೆ. ಒಪ್ಪಿಕೊಳ್ಳದೆ ಸಿಕ್ಕಿಬಿದ್ದರೆ ಎರಡು ವರ್ಷಗಳ ನಿಷೇಧ.

ಆದರೆ ರಾಯರ ಸಂಕಟ ಬೇರೆ ಬಗೆಯದು. ಎಲುಬು ವರ್ಷವನ್ನು ಹೇಳೀತು, ಒಂಬತ್ತು ದಿನಗಳನ್ನು ಹೇಳಲಾರದು. ಆ ಯಂತ್ರ ಇವರ ಮಗನನ್ನು ಎಂದಿಗೂ ಹಿಡಿಯಲಾರದು. ಮಗನು ಯಾರಿಗಿಂತಲೂ ಹೆಚ್ಚು ಬಲಿತವನಲ್ಲ. ಆ ತಂಡದ ಹುಡುಗರ ನಡುವೆ ನಿಂತರೆ ಎಲ್ಲರಿಗಿಂತ ಗಿಡ್ಡ. ಇದರಿಂದ ಯಾರಿಗೆ ಏನು ಅನ್ಯಾಯ? ಹೀಗೆ ಯೋಚಿಸುವಾಗಲೆಲ್ಲ ರಾಯರಿಗೆ ತಮ್ಮ ಕಚೇರಿಯ ಮೇಜು ನೆನಪಿಗೆ ಬರುತ್ತಿತ್ತು. ದಿನವಿಡೀ ಆ ಮೇಜಿನ ಮೇಲೆ ಬರುವುದು ಜನರ ವಯಸ್ಸಿನ ದಾಖಲೆಗಳೇ. ಒಂದಂಕಿಯ ಮೇಲೆ ಮಸಿ ಸ್ವಲ್ಪ ದಪ್ಪವಾಗಿ ಕಂಡರೂ ಅದನ್ನು ಬೆಳಕಿಗೆ ಹಿಡಿದು ನೋಡಿ, ಹಿಂದಕ್ಕೆ ಕಳುಹಿಸುವ ಅಧಿಕಾರಿ ಅವರು. ರಾಹುಲ್ ದ್ರಾವಿಡರು ೨೦೧೫ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಪಟೌಡಿ ಸ್ಮಾರಕ ಉಪನ್ಯಾಸ ಮಾಡಿದಾಗ ಇದೇ ವಿಷಯವನ್ನು ಎತ್ತಿಕೊಂಡು, ವಯಸ್ಸನ್ನು ತಿದ್ದುವುದು ಪಂದ್ಯದ ಫಲಿತಾಂಶವನ್ನು ಮೊದಲೇ ಮಾರಿಕೊಳ್ಳುವುದಕ್ಕೆ ಸಮಾನವೆಂದು ಹೇಳಿದ್ದರು. ತಂದೆತಾಯಿಗಳೂ ಗುರುಗಳೂ ಸೇರಿ ಸುಳ್ಳುಪತ್ರ ಮಾಡಿಸುವುದನ್ನು ಕಂಡ ಮಗು ಅದರಿಂದ ಏನು ಕಲಿತೀತು ಎಂಬುದು ಅವರ ಪ್ರಶ್ನೆಯಾಗಿತ್ತು. ರಾಯರು ಅಂದು ಪತ್ರಿಕೆಯಲ್ಲಿ ಅದನ್ನು ಓದಿ, "ಸರಿಯಾಗಿ ಹೇಳಿದರು," ಎಂದು ಮನೆಯವರಿಗೆಲ್ಲ ಓದಿ ಹೇಳಿದ್ದರು. ಅಂದು ಮಗನಿಗೆ ನಾಲ್ಕು ವರ್ಷ.

ಆದರೂ ಆ ಶನಿವಾರ ರಾತ್ರಿ ಅವರು ಬೀರುವಿನಿಂದ ಕಾಗದಗಳ ಕಡತವನ್ನು ತೆಗೆದು ಊಟದ ಮೇಜಿನ ಮೇಲೆ ಹರಡಿಕೊಂಡು ಕುಳಿತರು. ನೋಡುವುದರಲ್ಲಿ ತಪ್ಪೇನಿದೆ ಎಂಬುದು ಅವರ ಸಮಾಧಾನ. ಹೆಂಡತಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡಿದರು, ಏನನ್ನೂ ಕೇಳಲಿಲ್ಲ. ಕೇಳಿದವರು ಅಜ್ಜಿ. "ಈ ಹೊತ್ತಿನಲ್ಲಿ ಏನೋ ಹುಡುಕುತ್ತಿದ್ದೀಯೆ?"

"ಪುಟ್ಟುವಿನ ಜನನಪತ್ರ ಅಮ್ಮ. ತಾರೀಖು ನೋಡಬೇಕಾಗಿತ್ತು."

"ಅದಕ್ಕೆ ಕಾಗದ ಏತಕ್ಕೋ? ಗೋಕುಲಾಷ್ಟಮಿಯ ಮಾರನೆಯ ದಿನ ಹುಟ್ಟಿದ ಕೂಸು. ಕೃಷ್ಣನಿಗೆ ಮಾಡಿದ ಚಕ್ಕುಲಿಯ ಡಬ್ಬಿಯನ್ನು ಹಾಗೆಯೇ ಆಸ್ಪತ್ರೆಗೆ ಹೊತ್ತುಕೊಂಡು ಬಂದಿದ್ದೆ. ನರ್ಸಮ್ಮನವರೆಲ್ಲ ತಿಂದು ಹೊಗಳಿದರು. ಮರೆತೆಯೇನು?"

ರಾಯರು ಮರೆತಿರಲಿಲ್ಲ. ಅಂದು ಅವರೂ ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕುಳಿತು ಒಂದು ಚಕ್ಕುಲಿಯನ್ನು ಮುರಿದು ಬಾಯಿಗೆ ಹಾಕಿಕೊಳ್ಳುತ್ತಿರುವಾಗಲೇ ಒಳಗಿನಿಂದ ಅಳು ಕೇಳಿಸಿತ್ತು.

ಅಷ್ಟರಲ್ಲಿ ಹುಡುಗನೂ ಎದ್ದು ಬಂದು ಮೇಜಿನ ಆ ಬದಿಗೆ ನಿಂತಿದ್ದ. ಮೈದಾನದಲ್ಲಿ ಹಿತೈಷಿಗಳು ಆಡಿದ ಮಾತು ಅವನ ಕಿವಿಗೂ ಬಿದ್ದಿತ್ತು. ಮಕ್ಕಳಿಗೆ ಕೇಳಿಸುವುದಿಲ್ಲವೆಂದು ಹಿರಿಯರು ತಿಳಿಯುವುದು ಬಹಳ ಹಳೆಯ ಭ್ರಮೆ. ಅವನು ಸ್ವಲ್ಪ ಹೊತ್ತು ಕಾಗದಗಳನ್ನು ನೋಡಿ, ಮೆಲ್ಲಗೆ ಕೇಳಿದ:

"ಅಪ್ಪ, ಈ ವರ್ಷ ನನ್ನ ಹುಟ್ಟುಹಬ್ಬ ಮಾಡುವುದು ಬೇಡವೇ?"

ರಾಯರಿಗೆ ಉತ್ತರ ತೋಚಲಿಲ್ಲ.

"ಶಾಲೆಯಲ್ಲಿ ಎಲ್ಲರಿಗೂ ಆ ತಾರೀಖು ಗೊತ್ತು. ಯಾರಾದರೂ ಕೇಳಿದರೆ ಯಾವುದನ್ನು ಹೇಳಲಿ? ನೀನು ಹೇಳು, ನೀನು ಹೇಳಿದ ಹಾಗೆಯೇ ಹೇಳುತ್ತೇನೆ."

ಮಗನು ಹಠ ಹಿಡಿದಿದ್ದರೆ, ಇದು ತಪ್ಪೆಂದು ವಾದಿಸಿದ್ದರೆ, ರಾಯರು ಬಹುಶಃ ವಾದಕ್ಕೆ ವಾದ ಹೂಡುತ್ತಿದ್ದರು. ಒಂಬತ್ತು ದಿನ ದೊಡ್ಡದಲ್ಲವೆಂದು ಅವನಿಗೂ ತಮಗೂ ಒಟ್ಟಿಗೆ ಸಮಾಧಾನ ಹೇಳಿಕೊಳ್ಳುತ್ತಿದ್ದರು. ಆದರೆ ಹುಡುಗ ವಾದಿಸಲಿಲ್ಲ. ಅವನ ದನಿಯಲ್ಲಿ ದೂರಿರಲಿಲ್ಲ, ಭಯವೂ ಇರಲಿಲ್ಲ. ಗೂಗ್ಲಿ ಹಾಕು ಎಂದಾಗ ಹಾಕುವಂತೆ, ಸುಳ್ಳು ಹೇಳು ಎಂದರೆ ಹೇಳಲು ಅವನು ಸಿದ್ಧನಾಗಿ ನಿಂತಿದ್ದ. ಒಂದೊಂದು ಎಸೆತವಾದ ಮೇಲೂ ತಮ್ಮ ಕಡೆಗೆ ತಿರುಗುತ್ತಿದ್ದ ಆ ಕಣ್ಣುಗಳು ಈಗ ಮೇಜಿನ ಆಚೆಯಿಂದ ತಮ್ಮನ್ನೇ ನೋಡುತ್ತಿದ್ದುವು. ತರಬೇತುದಾರರ ಮಾತಿನ ಅರ್ಥ ಅಂದು ರಾಯರಿಗೆ ಆಯಿತು. ಕ್ಷ-ಕಿರಣಕ್ಕೆ ಕಾಣದ್ದನ್ನು ಈ ಹುಡುಗ ಪ್ರತಿ ವರ್ಷ ಗೋಕುಲಾಷ್ಟಮಿಯ ದಿನ ಅಜ್ಜಿ ಚಕ್ಕುಲಿ ಕರಿಯುವಾಗ ಕಾಣುವನು. ಅಪ್ಪ ತನ್ನ ಹುಟ್ಟಿದ ದಿನವನ್ನೂ ಆಟಕ್ಕಾಗಿ ತಿದ್ದಿದನೆಂದು ನೆನೆಯುವನು; ತಾನು ಹುಟ್ಟಿದ ದಿನಕ್ಕಿಂತ ಅಪ್ಪನಿಗೆ ತಂಡದ ಪಟ್ಟಿ ದೊಡ್ಡದಾಗಿತ್ತೆಂದು ತಿಳಿಯುವನು.

"ಹುಟ್ಟಿದ ದಿನವನ್ನೇ ಹೇಳು. ಹೋಗಿ ಮಲಗು," ಎಂದರು ರಾಯರು. ಕಡತವನ್ನು ಕಟ್ಟಿ ಬೀರುವಿನಲ್ಲಿಟ್ಟು ಬಾಗಿಲು ಹಾಕಿದರು. ಹೆಂಡತಿ ಅಡಿಗೆಮನೆಯ ದೀಪ ಆರಿಸಿದರು.

ಇಂತಹ ಕಥೆಗಳಲ್ಲಿ ಸತ್ಯಕ್ಕೆ ಕೂಡಲೆ ಬಹುಮಾನ ಬರುವುದುಂಟು. ಇಲ್ಲಿ ಬರಲಿಲ್ಲ. ಆಯ್ಕೆ ನಡೆಯಿತು, ಪಟ್ಟಿ ಹೊರಬಂದಿತು, ಹುಡುಗನೊಡನೆ ಒಂದೇ ಬಲೆಯಲ್ಲಿ ಅಭ್ಯಾಸ ಮಾಡುತ್ತಿದ್ದ ಇಬ್ಬರ ಹೆಸರು ಅದರಲ್ಲಿತ್ತು. ಹಿತೈಷಿಗಳು ರಾಯರನ್ನು ಕಂಡು, "ನಿಮ್ಮಂಥವರಿಂದ ಮಕ್ಕಳು ಹಿಂದೆ ಬೀಳುತ್ತಾರೆ," ಎಂದು ನಿಜವಾದ ಕನಿಕರದಿಂದಲೇ ಹೇಳಿದರು. ರಾತ್ರಿ ಹುಡುಗ ದಿಂಬಿನಲ್ಲಿ ಮುಖವಿಟ್ಟು ಅತ್ತ. ರಾಯರು ಹೊರಗಿನ ಜಗಲಿಯಲ್ಲಿ ಕುಳಿತು ಅದನ್ನು ಕೇಳಿಸಿಕೊಂಡರು. ತಾವು ಮಾಡಿದುದು ಸರಿಯೆಂಬ ನಂಬಿಕೆ ಆ ಅಳುವಿನ ಮುಂದೆ ಬಹಳ ತೆಳುವಾಗಿ ಕಂಡಿತು.

ಸೋಮವಾರ ಕಚೇರಿಯಲ್ಲಿ ಅವರ ಮುಖವನ್ನು ನೋಡಿ ಪಕ್ಕದ ಮೇಜಿನವರು ಕಾರಣ ಕೇಳಿದರು. ಅವರು ಕೊಡಗಿನವರು. ರಾಯರು ಎಲ್ಲವನ್ನೂ ಹೇಳಿಕೊಂಡ ಮೇಲೆ, ಅವರು ತಮ್ಮ ನಾಡಿನ ಹಾಕಿ ಉತ್ಸವದ ವಿಚಾರವನ್ನು ತೆಗೆದರು. ೧೯೯೭ರಲ್ಲಿ ಪಾಂಡಂಡ ಕುಟ್ಟಪ್ಪ ಎಂಬುವರ ಪ್ರಯತ್ನದಿಂದ ಕರಡ ಎಂಬ ಹಳ್ಳಿಯಲ್ಲಿ ಅದು ಮೊದಲಾಯಿತು. ಆ ವರ್ಷ ಬಂದುದು ೬೦ ಕೊಡವ ಮನೆತನಗಳ ತಂಡಗಳು. ಆಮೇಲೆ ಅದು ಬೆಳೆದು ೩೦೦ಕ್ಕೂ ಮೇಲ್ಪಟ್ಟ ಮನೆತನಗಳು ಸೇರುವ ಹಬ್ಬವಾಗಿದೆ. ಒಂದೊಂದು ಒಕ್ಕದಿಂದ ಒಂದೊಂದು ತಂಡ. ಅದರಲ್ಲಿ ತಾತನಿರಬಹುದು, ಮಗನಿರಬಹುದು, ಮೊಮ್ಮಗಳಿರಬಹುದು. "ನಮ್ಮಲ್ಲಿ ಕೇಳುವುದು ಮನೆತನದ ಹೆಸರನ್ನು. ನಾನು ಗೋಲು ಬಿಟ್ಟರೆ ನನ್ನ ಮಗಳು ನನ್ನನ್ನು ಬೈಯುತ್ತಾಳೆ! ನೀವು ಮಗನೊಡನೆ ಕಡೆಯ ಸಲ ಆಡಿದ್ದು ಯಾವಾಗ ರಾಯರೇ?" ಎಂದು ಅವರು ಕೇಳಿದರು.

ರಾಯರು ನೆನಪು ಮಾಡಿಕೊಂಡರು. ನಾಲ್ಕು ವರ್ಷಗಳ ಹಿಂದೆ. ಅಂದಿನಿಂದ ಅವರು ಮಗನ ಆಟವನ್ನು ನೋಡಿದ್ದರು, ಅಳೆದಿದ್ದರು, ತಿದ್ದಿದ್ದರು, ಅವನೊಡನೆ ಆಡಿರಲಿಲ್ಲ.

ತಂದೆಯ ಆಸಕ್ತಿಯೇ ತಪ್ಪೆಂದು ಇದರ ಅರ್ಥವಲ್ಲ. ಹಿರಿಯರ ಆಸರೆಯಿಲ್ಲದೆ ಆಟದಲ್ಲಿ ಮುಂದೆ ಬಂದ ಮಕ್ಕಳು ವಿರಳ. ಬ್ಯಾಡ್ಮಿಂಟನ್ನಿನ ಪ್ರಕಾಶ್ ಪಡುಕೋಣೆಯವರಿಗೆ ಆಟವನ್ನು ಪರಿಚಯ ಮಾಡಿಕೊಟ್ಟವರು ಅವರ ತಂದೆ ರಮೇಶ ಪಡುಕೋಣೆಯವರೇ. ಅವರು ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿಗಳಾಗಿ ಹಲವು ವರ್ಷ ದುಡಿದವರು. ಹುಡುಗ ಆಡಿ ಬೆಳೆದುದು ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆಯ ಸಭಾಂಗಣದಲ್ಲಿ. ಮದುವೆಯಿದ್ದ ದಿನ ಆಟಕ್ಕೆ ರಜ. ೧೯೬೨ರಲ್ಲಿ ರಾಜ್ಯದ ಕಿರಿಯರ ಪಂದ್ಯಾವಳಿಯಲ್ಲಿ ಮೊದಲ ಬಾರಿ ಆಡಿದಾಗ ಆ ಬಾಲಕ ಮೊದಲನೆಯ ಸುತ್ತಿನಲ್ಲಿಯೇ ಸೋತ. ಎರಡು ವರ್ಷಗಳಾದ ಮೇಲೆ ಅದೇ ಪ್ರಶಸ್ತಿಯನ್ನು ಗೆದ್ದ. ೧೯೮೦ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನು ಗೆದ್ದ ಮೊದಲನೆಯ ಭಾರತೀಯನಾದುದು ಆಮೇಲಿನ ಕಥೆ. ಆ ಕಥೆಯ ಕೊನೆ ಎಲ್ಲರಿಗೂ ನೆನಪಿರುತ್ತದೆ. ಸೋಲಿಗೂ ಗೆಲುವಿಗೂ ನಡುವೆ ಇದ್ದ ಆ ಎರಡು ವರ್ಷಗಳನ್ನು ಯಾರೂ ನೆನೆಯುವುದಿಲ್ಲ. ಅಷ್ಟು ಕಾಲ ಕಾಯುವ ತಾಳ್ಮೆ ಮನೆಯಲ್ಲಿದ್ದರೆ ಅದೇ ಮಗುವಿಗೆ ದೊಡ್ಡ ಆಸರೆ. ಮತ್ತು, ಆ ಎರಡು ವರ್ಷಗಳ ಕಾಯುವಿಕೆ ಎಲ್ಲ ಮನೆಗಳಲ್ಲಿಯೂ ಪ್ರಶಸ್ತಿಯಲ್ಲಿಯೇ ಮುಗಿಯುವುದಿಲ್ಲವೆಂಬುದನ್ನೂ ತಿಳಿದಿರಬೇಕು. ಸಾವಿರ ಮಕ್ಕಳು ಚೀಲ ಹೊತ್ತು ಗೆರೆ ದಾಟಿದರೆ, ತಂಡದಲ್ಲಿ ಆಡುವವರು ಹನ್ನೊಂದೇ ಮಂದಿ. ಉಳಿದವರಿಗೆ ಆಟದಿಂದ ದಕ್ಕಬೇಕಾದುದು ಬೇರೆಯೇ ಇದೆ: ಬೆವರಿದ ಮೈಯ ಹಿತ, ಒಬ್ಬಿಬ್ಬರು ಗೆಳೆಯರು, ಸೋತು ಮನೆಗೆ ಬಂದು ಹೊಟ್ಟೆ ತುಂಬ ಉಣ್ಣುವ ಧೈರ್ಯ. ಇವು ಯಾವ ಪಟ್ಟಿಯಲ್ಲಿಯೂ ಅಚ್ಚಾಗುವುದಿಲ್ಲ. ಆದರೆ ದಾರಿಯುದ್ದಕ್ಕೂ ಪ್ರಶ್ನೆ ಕೇಳುವವರಿದ್ದರೆ ಇವೂ ದಕ್ಕುವುದಿಲ್ಲ.

ರಾಯರ ಮನೆಯಲ್ಲಿ ದೊಡ್ಡ ಬದಲಾವಣೆಯೇನೂ ಆಗಲಿಲ್ಲ. ಅಭ್ಯಾಸ ಆರು ದಿನದಿಂದ ನಾಲ್ಕು ದಿನಕ್ಕೆ ಇಳಿಯಿತು. ಶನಿವಾರ ಸಂಜೆ ತಂದೆ ಮಕ್ಕಳಿಬ್ಬರೊಡನೆ ಅಂಗಳಕ್ಕಿಳಿದರು. ಮೊದಲನೆಯ ದಿನವೇ ಮಗನ ಎಸೆತಕ್ಕೆ ಮೂರು ಸಲ ಔಟಾಗಿ, ನಾಲ್ಕನೆಯ ಸಲ ಮಗಳ ಎಸೆತಕ್ಕೂ ಔಟಾದರು. ಅಜ್ಜಿ ಕಿಟಕಿಯಿಂದ ನೋಡಿ ನಕ್ಕರು. ವೀಣೆಯ ಗವಸನ್ನು ತೆಗೆದವರು ತಾಯಿ. ನಿಂತುಹೋಗಿದ್ದ ಪಾಠ ಮತ್ತೆ ಭಾನುವಾರಕ್ಕೆ ಬಂದಿತು. ಒಂದು ಭಾನುವಾರ ರಾಯರು ಮೈದಾನಕ್ಕೆ, ಒಂದು ಭಾನುವಾರ ವೀಣೆಯ ಪಾಠಕ್ಕೆ. ಅವರಿಲ್ಲದ ಭಾನುವಾರ ಹುಡುಗ ಗೆಳೆಯನೊಬ್ಬನ ಕಾರಿನಲ್ಲಿ ಹೋಗಿಬಂದ. ಅಂದು ಹೇಗೆ ಆಡಿದನೆಂದು ತಿಳಿಯದೆ ರಾಯರು ಪಾಠದ ಮನೆಯ ಹೊರಗೆ ಕುಳಿತು ಚಡಪಡಿಸಿದರು. ಆದರೆ ಒಳಗಿನಿಂದ ತಡವರಿಸುತ್ತ ಬರುತ್ತಿದ್ದ ಮಗಳ ಸ್ವರಗಳನ್ನು ಕೇಳುತ್ತ, ಎರಡು ವರ್ಷಗಳಿಂದ ಇವಳು ಏನನ್ನೂ ಕೇಳಲಿಲ್ಲವಲ್ಲ ಎಂಬುದು ಹೊಳೆದು ಅವರಿಗೆ ನಾಚಿಕೆಯಾಯಿತು.

ಎಲ್ಲಕ್ಕಿಂತ ಕಷ್ಟವಾದುದು ದಾರಿಯ ಇಪ್ಪತ್ತು ನಿಮಿಷಗಳ ಮೌನ. ನಾಲಗೆಯ ತುದಿಗೆ ಬಂದ ಪ್ರಶ್ನೆಯನ್ನು ನುಂಗುವುದು ಉಪವಾಸಕ್ಕಿಂತ ಕಠಿಣವೆಂಬುದನ್ನು ಅವರು ಕಂಡುಕೊಂಡರು. ಕಡೆಗೆ ಒಂದು ಉಪಾಯ ಹೂಡಿದರು. ಎಂತಹ ಆಟವೇ ಆಗಿರಲಿ, ಮೈದಾನದಿಂದ ಹೊರಟ ಮೇಲೆ ಕೇಳುವುದು ಒಂದೇ ಪ್ರಶ್ನೆ: "ಹಸಿವಾಯಿತೇನೋ?" ದಾರಿಯ ಬೇಕರಿಯ ಮುಂದೆ ಸ್ಕೂಟರು ನಿಲ್ಲುತ್ತಿತ್ತು. ಇಬ್ಬರಿಗೂ ಒಂದೊಂದು ಖಾರದ ಬನ್ನು. ಮೊದಲ ಕೆಲವು ವಾರ ಹುಡುಗ ಬನ್ನನ್ನು ತಿಂದು ಕೈ ಒರೆಸಿಕೊಂಡು ಸುಮ್ಮನಿರುತ್ತಿದ್ದ. ಇನ್ನೇನು ಪ್ರಶ್ನೆ ಬಂದೀತೆಂದು ಕಾಯುತ್ತಿದ್ದನೋ ಏನೋ. ಒಂದು ದಿನ, ಅರ್ಧ ತಿಂದ ಬನ್ನು ಕೈಯಲ್ಲಿರುವಾಗಲೇ, "ಅಪ್ಪ, ಇವತ್ತು ನನ್ನ ಗೂಗ್ಲಿಗೆ ಒಬ್ಬ ದೊಡ್ಡ ಹುಡುಗ ಕಾಲು ಮುಂದಿಟ್ಟು ಹೇಗೆ ಸಿಕ್ಕಿಬಿದ್ದ ಗೊತ್ತೇ?" ಎಂದು ತಾನಾಗಿಯೇ ಆರಂಭಿಸಿದ. ಮನೆ ಮುಟ್ಟಿದರೂ ಮಾತು ಮುಗಿದಿರಲಿಲ್ಲ.

ಆ ವರ್ಷದ ಗೋಕುಲಾಷ್ಟಮಿ ಬಂದಿತು. ಅಜ್ಜಿಯ ಚಕ್ಕುಲಿಯೂ ಬಂದಿತು. ಆಗಸ್ಟ್ ೨೩ರಂದು ಹುಡುಗ ಶಾಲೆಯಲ್ಲಿ ಮಿಠಾಯಿ ಹಂಚಿದ.

ಅದಾದ ಕೆಲವು ವಾರಗಳ ಮೇಲೆ ಒಂದು ಭಾನುವಾರ ರಾಯರು ಎಂದಿನಂತೆ ಗೆರೆಯ ಆಚೆ ನಿಂತಿದ್ದರು. ಒಳಗೆ ಹುಡುಗ ತನಗಿಂತ ತಲೆಯಷ್ಟು ಎತ್ತರದ ಬ್ಯಾಟ್ಸ್‌ಮನ್ನಿಗೆ ಎಸೆಯುತ್ತಿದ್ದ. ಒಂದು ಎಸೆತ ಮರದಾಚೆಗೆ ಹೋಯಿತು. ರಾಯರು ರೂಢಿಯಂತೆ ಮುಖವನ್ನು ಸಡಿಲಗೊಳಿಸಿ, ಪರವಾಗಿಲ್ಲ ಎಂದು ತಲೆಯಾಡಿಸಲು ಸಿದ್ಧರಾದರು. ಹುಡುಗ ತಿರುಗಿ ನೋಡಲಿಲ್ಲ. ಚೆಂಡು ಹಿಂದಕ್ಕೆ ಬರುವವರೆಗೂ ಬ್ಯಾಟ್ಸ್‌ಮನ್ನಿನ ಕಾಲನ್ನೇ ನೋಡುತ್ತ ನಿಂತಿದ್ದು, ಚೆಂಡನ್ನು ಕೈಯಲ್ಲಿ ಒಮ್ಮೆ ಹೊರಳಿಸಿಕೊಂಡು, ಮತ್ತೆ ಓಡಿದ.

ರಾಯರ ಎದೆಯಲ್ಲಿ ಏನೋ ಸಣ್ಣಗೆ ಚುಚ್ಚಿದಂತಾಯಿತು. ಅವರು ಮರದ ನೆರಳಿಗೆ ಹೋಗಿ, ಕುಳಿತು, ತಂದಿದ್ದ ಪತ್ರಿಕೆಯನ್ನು ಬಿಚ್ಚಿದರು.